ಐರ್ಲೆಂಡಿಗೆ ಹೊರಟ ಸಿದ್ದರಾಯನ ರೊಟ್ಟಿ ದಿಗ್ವಿಜಯ

ಹಿಂದಿನ ಕಾಲದ ಅರಸರು ಪರದೇಶಕ್ಕೆ ದಂಡೆತ್ತಿ ಹೋಗುವ ಮುನ್ನ ಆನೆ, ಕುದುರೆ, ಕಾಲಾಳುಗಳನ್ನು ಕೂಡಿಸುತ್ತಿದ್ದರು. ಇಂಡಿ ಊರಿನ ನಮ್ಮ ಓಣಿಯ ಸಿದ್ದರಾಯ ಐರ್ಲೆಂಡಿಗೆ ಹೊರಡುವ ಮುನ್ನ ಕೂಡಿಸಿದ್ದು ತಳ ಸಪಾಟಾದ ಒಂದು ಕಬ್ಬಿಣದ ಹಂಚು, ಹಿಟ್ಟು ನಾದುವ ಒಂದು ಅಗಲವಾದ ಪರಾತ, ಒಂದು ಚೀಲ ಜೋಳದ ಹಿಟ್ಟು ಮತ್ತು ತನ್ನ ಸ್ವಂತದ ಎರಡು ಕೈ. ಹಂಚು ಗಟ್ಟಿಯಾಗಿತ್ತು, ಪರಾತ ಹೊಳೆಯುತ್ತಿತ್ತು, ಹಿಟ್ಟು ನುಣ್ಣಗಿತ್ತು. ಈ ದಂಡಿನಲ್ಲಿ ನಂಬುವ ಹಾಗಿರದಿದ್ದವು ಆ ಕೈಗಳು ಮಾತ್ರ.

ಬೇರೆ ಕಡೆ ಆ ಕೈಗಳಿಗೆ ದೊಡ್ಡ ಹೆಸರಿತ್ತು. ಸಿದ್ದರಾಯನದು ಕುರಿ ವ್ಯಾಪಾರ. ಕನ್ನೊಳ್ಳಿಯಿಂದ ಝಳಕಿಯವರೆಗೆ ಯಾವ ಹಟ್ಟಿಗೆ ಹೋದರೂ ಟಗರಿನ ಬೆನ್ನ ಮೇಲೆ ಒಮ್ಮೆ ಅಂಗೈ ಒತ್ತಿ, ಪಕ್ಕೆಗೆ ಬೆರಳು ಊರಿ, ಅದರ ತೂಕ ಹೇಳಿಬಿಡುತ್ತಿದ್ದ. ತಕ್ಕಡಿ ತಂದವರು ತಕ್ಕಡಿಯನ್ನೇ ಅನುಮಾನಿಸಿಕೊಂಡು ಹೋಗುತ್ತಿದ್ದರು. ನಲವತ್ತು ದಾಟಿದ ಪ್ರಾಯ, ಎರಡೂ ಕಡೆ ತಿರುವಿದ ಮೀಸೆ, ಬಲಗೈಯಲ್ಲಿ ತಾಯಿ ಶೇವಂತೆವ್ವ ಮಾಡಿಸಿ ಹಾಕಿದ ದಪ್ಪ ಬೆಳ್ಳಿಯ ಕಡಗ. ಸಂತೆಯಲ್ಲಿ ಅವನು ಆ ಕಡಗವನ್ನು ಮೊಣಕೈ ಕಡೆಗೆ ಸರಿಸಿದನೆಂದರೆ ಎದುರಿನವನು ಚೌಕಾಸಿ ಬಿಟ್ಟು ಚಹಾಕ್ಕೆ ಹೇಳುವುದೇ ರೂಢಿ.

ಇಂಥ ವೀರನನ್ನು ಮಣಿಸುವ ಶಕ್ತಿ ಇದ್ದದ್ದು ಬಿಸಿ ಜೋಳದ ರೊಟ್ಟಿಗೆ ಮಾತ್ರ. ಅದಿಲ್ಲದೆ ಅವನಿಗೆ ಎರಡು ಹೊತ್ತು ಕಳೆಯುವುದಿಲ್ಲ. ಒಮ್ಮೆ ನೆಂಟರ ಮದುವೆಗೆಂದು ಪುಣೆಗೆ ಹೋದವನು ಎರಡು ಹೊತ್ತು ಚಪಾತಿ ಉಂಡ. ಮೂರನೆಯ ಹೊತ್ತಿಗೆ ಎದೆ ಬಿಗಿದಂತಾಗುತ್ತಿದೆ ಎಂದು ಎಲ್ಲರನ್ನೂ ಗಾಬರಿಪಡಿಸಿ, ಅಕ್ಷತೆಗೂ ಕಾಯದೆ ರೈಲು ಹತ್ತಿದ. ಇಂಡಿ ರೋಡ್ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಬಂದು ನಾಲ್ಕು ರೊಟ್ಟಿ, ಒಂದು ಮುಟಿಗೆ ಶೇಂಗಾ ಚಟ್ನಿ ಉಂಡ ಮೇಲೆ ಎದೆ ತಾನಾಗಿಯೇ ಸಡಿಲಾಯಿತು.

ಇಂಥವನನ್ನು ಐರ್ಲೆಂಡಿಗೆ ಹೊರಡಿಸಿದವಳು ಅವನ ಹೆಂಡತಿ ಸುನೀತಾ. ತಾಂಬಾ ಊರಿನ ಹುಡುಗಿ. ಊರಿನ ಒಂದು ಖಾಸಗಿ ದವಾಖಾನೆಯಲ್ಲಿ ಹತ್ತು ವರ್ಷ ನರ್ಸ್ ಕೆಲಸ ಮಾಡಿದವಳು. ಇಂಗ್ಲಿಷ್ ಪರೀಕ್ಷೆಯನ್ನು ಎರಡನೆಯ ಸಲಕ್ಕೆ ಗೆದ್ದು, ಕಂಪ್ಯೂಟರಿನ ಮುಂದೆ ಕುಳಿತು ಸಂದರ್ಶನ ಕೊಟ್ಟು, ಡಬ್ಲಿನ್ ಪಕ್ಕದ ಒಂದು ಆಸ್ಪತ್ರೆಯಲ್ಲಿ ನೌಕರಿ ಹಿಡಿದಿದ್ದಳು. ಗಂಡನನ್ನೂ ನಾಲ್ಕನೆಯ ಇಯತ್ತೆ ಓದುವ ಮಗಳು ಪ್ರಿಯದರ್ಶಿನಿಯನ್ನೂ ಕರೆದೊಯ್ಯಲು ಒಪ್ಪಿಗೆ ಸಿಕ್ಕಿತ್ತು. ಸುದ್ದಿ ಕೇಳಿದ ಓಣಿ ಮೊದಲು ಐರ್ಲೆಂಡ್ ಎಲ್ಲಿದೆ ಎಂದು ಕೇಳಿತು. ಅಲ್ಲಿ ಗುಡ್ಡದ ತುಂಬ ಕುರಿ ಮೇಯುತ್ತವೆ ಎಂದು ತಿಳಿದ ಮೇಲೆ, ಸಿದ್ದರಾಯನನ್ನು ಅಲ್ಲಿಯವರೇ ಕರೆಸಿಕೊಂಡಿದ್ದಾರೆ, ಹೆಂಡತಿ ಜೊತೆಗೆ ಹೊರಟಿದ್ದಾಳೆ ಎಂದು ತನಗೆ ಬೇಕಾದಂತೆ ತಿದ್ದಿಕೊಂಡಿತು. ಸಿದ್ದರಾಯನೂ ಈ ತಿದ್ದುಪಡಿಗೆ ಅಡ್ಡಿಪಡಿಸಲಿಲ್ಲ.

ತಯಾರಿ ಶುರುವಾಯಿತು. ಮೊದಲ ಸಮರ ಮದುವೆಯ ಪ್ರಮಾಣಪತ್ರದ್ದು. ಮದುವೆಯಾಗಿ ಹದಿಮೂರು ವರ್ಷವಾದರೂ ಅದನ್ನು ಎಲ್ಲಿಯೂ ನೋಂದಾಯಿಸಿರಲಿಲ್ಲ. ಓಣಿಯೇ ಉಂಡು ಹೋದ ಮದುವೆಗೆ ಇನ್ನೇನು ಸಾಕ್ಷಿ ಎಂಬುದು ಸಿದ್ದರಾಯನ ವಾದ. ಆದರೂ ಮದುವೆಯ ಫೋಟೋ ಹಿಡಿದು, ಸಾಕ್ಷಿಗೆ ನೆರೆಮನೆಯ ಗುಡುಸಾಬನನ್ನು ಕರೆದುಕೊಂಡು ಕಚೇರಿಗೆ ಹೋದರು. ಗುಮಾಸ್ತ ಫೋಟೋವನ್ನು ಹತ್ತಿರ ಹಿಡಿದ, ದೂರ ಹಿಡಿದ. ಹಣೆಯಿಂದ ಗದ್ದದವರೆಗೆ ಬಾಸಿಂಗದ ಮುತ್ತಿನ ಸರಗಳು ಇಳಿಬಿದ್ದು ವರನ ಮುಖ ಪೂರ್ತಿ ಮುಚ್ಚಿತ್ತು.

“ಇದರ ಹಿಂದ ಇರೋದು ನೀವ ಅಂತ ಏನ್ರಿ ಖಾತ್ರಿ?” ಎಂದ ಗುಮಾಸ್ತ.

“ಕೈ ನೋಡ್ರಿ, ಕಡಗ ಐತಿ,” ಎಂದ ಸಿದ್ದರಾಯ.

ಗುಡುಸಾಬ ಮುಂದೆ ಬಂದು, “ಸಾಹೇಬ್ರ, ಅವತ್ತ ಇಂವಾ ಮಂಟಪದಾಗ ಕುಂತಾವ ನಡುವ ಎದ್ದು, ರೊಟ್ಟಿ ಬಿಸಿ ಅದಾವೇನಂತ ಕೇಳಾಕ ಅಡಗಿ ಮನಿಗೆ ಬಂದಿದ್ದ. ಅಲ್ಲಿ ಬಾಸಿಂಗ ಸರಿಸಿದಾಗ ನಾನ ಕಣ್ಣಾರೆ ಮಾರಿ ನೋಡೇನಿ,” ಎಂದ. ಗುಮಾಸ್ತ ಸಿದ್ದರಾಯನ ಹೊಟ್ಟೆಯ ಕಡೆ ನೋಡಿ, ಸಾಕ್ಷಿ ನಂಬುವಂತಿದೆ ಎನಿಸಿ, ಕಾಗದಕ್ಕೆ ಮೊಹರು ಹಾಕಿದ.

ಎರಡನೆಯ ಸಮರ ಏನು ಒಯ್ಯಬೇಕು, ಏನು ಬಿಡಬೇಕು ಎಂಬುದು. ಐರ್ಲೆಂಡಿನಲ್ಲಿ ಮೊದಲೇ ನೆಲೆಸಿದ್ದ ಸುನೀತಾಳ ಗೆಳತಿಯೊಬ್ಬಳು ಫೋನಿನಲ್ಲಿ ಒಂದೊಂದಾಗಿ ಅಪ್ಪಣೆ ಕೊಡಿಸುತ್ತಿದ್ದಳು. ತುಪ್ಪ, ಬೆಣ್ಣೆ, ಖೋವಾ ಒಯ್ಯುವಂತಿಲ್ಲ. ಇದನ್ನು ಕೇಳಿ ಶೇವಂತೆವ್ವ, “ಅಲ್ಲಿ ಎಮ್ಮಿ ಇದ್ದಂಗ ಕಾಣಂಗಿಲ್ಲ. ಹೊಟ್ಟಿಕಿಚ್ಚಿಗೆ ಹಿಂಗ ಮಾಡತಾರ,” ಎಂದಳು. ಹಿಟ್ಟು, ಚಟ್ನಿಪುಡಿಗೆ ಅಡ್ಡಿಯಿಲ್ಲ. ಅಲ್ಲಿಯ ಒಲೆಯಲ್ಲಿ ಉರಿಯೇ ಇಲ್ಲ, ಕಾಯುವ ಗಾಜಿನ ಹಲಗೆ ಅಷ್ಟೇ. ಅದರ ಮೇಲೆ ನಮ್ಮ ಡೊಳ್ಳುಹೊಟ್ಟೆಯ ಹಂಚು ನಿಲ್ಲುವುದಿಲ್ಲ. ಆದ್ದರಿಂದ ಬಸವನ ಬಾಗೇವಾಡಿಯ ಅಂಗಡಿಯಿಂದ ಸಪಾಟು ಹಂಚು, ಸಿಂದಗಿಯಿಂದ ಪರಾತ ಬಂದವು. ಮನೆಯಲ್ಲಿ ಹೊಗೆ ಎದ್ದರೆ ಗೋಡೆಯ ಗಂಟೆ ಬಡಿದುಕೊಂಡು ಇಡೀ ಕಟ್ಟಡದವರು ಕೆಳಗಿಳಿಯಬೇಕಂತೆ ಎಂಬ ಸುದ್ದಿಯೂ ಬಂತು.

ಚೀಲಗಳ ತೂಕ ಮಿತಿ ಮೀರಬಾರದು ಎಂದಾಗ ಮಾತ್ರ ಸಿದ್ದರಾಯ ನಕ್ಕ. ತಕ್ಕಡಿ ಬೇಡವೆಂದು, ಕಡಗ ಸರಿಸಿ, ಚೀಲದ ಬೆನ್ನ ಮೇಲೆ ಅಂಗೈ ಒತ್ತಿ, ಪಕ್ಕೆಗೆ ಬೆರಳು ಊರಿ ತೂಕ ಹೇಳಿದ. ಸುನೀತಾ ದವಾಖಾನೆಯ ತಕ್ಕಡಿ ತಂದು ಏರಿಸಿದರೆ ಅವನು ಹೇಳಿದ್ದಕ್ಕಿಂತ ನಾಲ್ಕು ಕಿಲೋ ಹೆಚ್ಚು ಬಂತು. “ಇದು ಮೇದಿಲ್ಲ ಉಂಡಿಲ್ಲ, ಹೆಂಗ ಗೊತ್ತಾಗಬೇಕು?” ಎಂದು ಅವನು ಚೀಲವನ್ನೇ ಬೈದ. ಆಮೇಲೆ ತನ್ನ ಅಂಗಿ ಪಂಚೆಗಳನ್ನು ತಂದು ಇನ್ನೊಂದು ಚೀಲಕ್ಕೆ ತುಂಬತೊಡಗಿದ.

“ಅವನ್ಯಾಕ ತುಂಬಾಕತ್ತೀರಿ?” ಎಂದಳು ಸುನೀತಾ. “ನಿಮ್ಮ ಟಿಕೇಟ ಇನ್ನೂ ತಗಿಸಿಲ್ಲ.”

“ಯಾಕ?”

“ಕುಂಡ್ರಿ, ಹೇಳತೇನಿ.” ಅವಳು ಬಾಗಿಲು ಮುಂದೆ ಮಾಡಿ ಎದುರಿಗೆ ಕುಳಿತಳು. “ಅಲ್ಲಿ ನನಗ ಹನ್ನೆರಡು ತಾಸಿನ ಡ್ಯೂಟಿ. ಬಂದು ಉಣ್ಣಾಕ ಕುಂಡ್ರತೇನಿ, ರೊಟ್ಟಿ ಬಡ್ಯಾಕ ಕುಂಡ್ರಂಗಿಲ್ಲ.”

“ಬಡಿ ಅಂತ ಯಾರಂದ್ರು? ಅಲ್ಲಿ ಬ್ರೆಡ್ ಐತಂತಲ್ಲ, ಅದನ್ನ ತಿಂತೇನಿ.”

“ಪುಣೇದಾಗ ಮೂರನೇ ಹೊತ್ತಿಗೆ ರೈಲ ಹತ್ತಿದವ್ರು ನೀವು. ಐರ್ಲೆಂಡಿನಿಂದ ಇಂಡಿ ರೋಡಿಗೆ ರೈಲಿಲ್ಲ.”

ಸಿದ್ದರಾಯ ಮೀಸೆಯ ತುದಿ ಹಿಡಿದುಕೊಂಡ.

“ನನ್ನ ಗೆಳತಿ ಗಂಡ ಊಟ ಒಗ್ಗಲಿಲ್ಲಂತ ನಾಲ್ಕ ತಿಂಗಳಿಗೆ ವಾಪಸ ಬಂದು ಊರಾಗ ಕುಂತಾನ. ಆಕಿ ಅಲ್ಲಿ, ಇಂವಾ ಇಲ್ಲಿ. ನನಗ ಅದು ಬ್ಯಾಡ್ರಿ. ನೀವು ಬಂದ್ರ ಇರಬೇಕು. ಇರಬೇಕಂದ್ರ ನಿಮ್ಮ ರೊಟ್ಟಿ ನಿಮಗ ಬರಬೇಕು. ಎಳ್ಳಮಾಸಿ ಹಬ್ಬದ ತನಕ ಟೈಮ ಐತಿ. ಒಂದರ ಹಿಂದ ಒಂದು ನಾಲ್ಕ ರೊಟ್ಟಿ ಹರಿಲಾರದ್ದು, ಉಬ್ಬಿದ್ದು. ಆತು ಅಂದ್ರ ಮೂರು ಟಿಕೇಟ. ಇಲ್ಲಂದ್ರ ನಾನು ಪ್ರಿಯಾ ಮುಂದ ಹೋಗ್ತೇವಿ. ನೀವು ಕಲತ ಮ್ಯಾಲೆ ಬರ್ರಿ.”

ಸಂತೆ ಎಷ್ಟೇ ದೂರವಿರಲಿ, ರಾತ್ರಿ ಮನೆಗೆ ಬಂದೇ ಮಲಗುವವನು ಸಿದ್ದರಾಯ. ಹೆಂಡತಿಯನ್ನೂ ಮಗಳನ್ನೂ ಕಡಲಾಚೆ ಕಳಿಸಿ ತಾನೊಬ್ಬನೇ ಈ ಮನೆಯಲ್ಲಿ ಇರುವುದನ್ನು ನೆನೆದಾಗ ಅವನ ಎದೆ ನಿಜವಾಗಿಯೂ ಬಿಗಿಯಿತು. ಈ ಸಲ ಅದಕ್ಕೂ ರೊಟ್ಟಿಗೂ ಸಂಬಂಧ ಇರಲಿಲ್ಲ.

“ಬಡಿತೇನಿ,” ಎಂದ. “ಆದ್ರ ಓಣಿಗೆ ಗೊತ್ತಾಗಬಾರದು. ಅವ್ವಗಂತೂ ಗೊತ್ತಾಗಬಾರದು. ಟಗರ ಹಿಡ್ಯಾವ ರೊಟ್ಟಿ ಬಡ್ಯಾಕತ್ತಾನ ಅಂದ್ರ ಸಂತ್ಯಾಗ ನನ್ನ ಮಾತಿಗೆ ಕಿಮ್ಮತ್ತ ಉಳಿತೈತೇನ?”

“ನಾ ಯಾರ ಮುಂದ ಅನ್ನಂಗಿಲ್ಲ. ಆಣಿ,” ಎಂದಳು ಸುನೀತಾ.

ಆ ಆಣೆಯೇ ಮುಂದಿನ ಎಲ್ಲ ಅನಾಹುತಕ್ಕೂ ಮೂಲವಾಯಿತು.

ದೀಪಾವಳಿಯ ಮರುವಾರದಿಂದ ಅಭ್ಯಾಸ ಆರಂಭ. ರವಿವಾರ ಸುನೀತಾ ತೋರಿಸಿಕೊಟ್ಟಳು. ಹಿಟ್ಟಿನ ನಡುವೆ ಗುಳಿ ಮಾಡಿ ಕುದಿವ ನೀರು ಹಾಕು, ನಾದು, ಉಂಡೆ ಕಟ್ಟು, ಪರಾತದಲ್ಲಿ ಒಣಹಿಟ್ಟು ಉದುರಿಸಿ ಅಂಗೈಯಿಂದ ಬಡಿಯುತ್ತ ತಿರುಗಿಸು, ಎತ್ತಿ ಹಂಚಿಗೆ ಹಾಕು, ಮೇಲೆ ನೀರು ಸವರು, ಮಗುಚಿ ಬಟ್ಟೆಯಿಂದ ಅಂಚು ಒತ್ತು, ಉಬ್ಬಿಸು. ನೋಡುವಾಗ ಇದಕ್ಕಿಂತ ಸುಲಭದ ಕೆಲಸ ಜಗತ್ತಿನಲ್ಲಿಲ್ಲ ಎನಿಸಿತು. ಕೈ ಇಟ್ಟ ಮೇಲೆ, ಕೊಬ್ಬಿದ ಟಗರು ಹಿಡಿಯುವುದೇ ಸುಲಭ ಎಂದು ಗೊತ್ತಾಯಿತು. ಮೊದಲನೆಯದು ಪರಾತ ಬಿಟ್ಟು ಏಳಲಿಲ್ಲ. ಎರಡನೆಯದು ಎದ್ದಿತು, ಆದರೆ ಅರ್ಧ ಅವನ ಕೈಗೆ, ಅರ್ಧ ಹಂಚಿಗೆ ಹೋಯಿತು. ಮೂರನೆಯದನ್ನು ಪ್ರಿಯದರ್ಶಿನಿ ಶಾಲೆಯ ನಕಾಶೆ ಪಕ್ಕ ಹಿಡಿದು ನೋಡಿ, “ಅಪ್ಪಾ, ಇದು ಐರ್ಲೆಂಡ್ ಅಲ್ಲ, ಅದರ ಬಾಜೂ ದೇಶ,” ಎಂದಳು.

ಅಂದಿನಿಂದ ಸಿದ್ದರಾಯನ ದಿನಚರಿ ಬದಲಾಯಿತು. ನಸುಕಿನಲ್ಲಿ ವ್ಯಾಪಾರ ಮುಗಿಸಿಕೊಂಡು ಬರುವುದು. ಹೆಂಡತಿ ಡ್ಯೂಟಿಗೆ, ಮಗಳು ಶಾಲೆಗೆ ಹೋದ ಮಟಮಟ ಮಧ್ಯಾಹ್ನ, ಓಣಿ ಉಂಡು ಮಲಗಿದೆ ಎಂದು ಖಾತ್ರಿ ಮಾಡಿಕೊಂಡು, ಬಾಗಿಲ ಚಿಲಕ ಹಾಕಿ, ಕಿಟಕಿ ಮುಚ್ಚಿ, ಪರಾತದ ಮುಂದೆ ಕೂರುವುದು. ಕೆಟ್ಟ ರೊಟ್ಟಿಗಳನ್ನು ಸಂಜೆ ಚೀಲಕ್ಕೆ ತುಂಬಿ ಹಟ್ಟಿಗೆ ಒಯ್ದು ಕುರಿಗಳಿಗೆ ಹಾಕುವುದು. ಆ ಎರಡು ತಿಂಗಳು ಅವನ ಕುರಿಗಳು ಮೈ ತುಂಬಿ ಹೊಳೆದದ್ದನ್ನು ನೋಡಿ, ಏನು ತಿನ್ನಿಸುತ್ತಿ ಎಂದು ಸಂತೆಯಲ್ಲಿ ಕೇಳಿದವರಿದ್ದಾರೆ.

ಎಲ್ಲವನ್ನೂ ಮುಚ್ಚಿದವನು ಸದ್ದನ್ನು ಮುಚ್ಚುವುದು ಮರೆತಿದ್ದ.

ನಮ್ಮ ಕಡೆಯ ಓಣಿಗಳಲ್ಲಿ ರೊಟ್ಟಿ ಬಡಿಯುವ ಸದ್ದೆಂದರೆ ಮನೆಯ ಮುಂದೆ ಹೆಸರು ಬರೆದ ಹಲಗೆಯಷ್ಟೇ ಸ್ಪಷ್ಟ. ಯಾರ ಮನೆಯಲ್ಲಿ ಯಾರು ಕುಳಿತಿದ್ದಾರೆ, ಸೊಸೆಯ ಕೈಯೋ ಅತ್ತೆಯ ಕೈಯೋ, ಇಂದು ಸಿಟ್ಟಿನಲ್ಲಿದ್ದಾಳೋ ತವರಿಗೆ ಹೊರಟಿದ್ದಾಳೋ ಎಂಬುದು ಗೋಡೆಯಾಚೆ ಕುಳಿತವರಿಗೆ ಗೊತ್ತಾಗುತ್ತದೆ. ಸುನೀತಾಳದು ಡ್ಯೂಟಿಯ ಅವಸರದ ಬಡಿತ, ಮಳೆ ಶುರುವಾದಂತೆ. ಶೇವಂತೆವ್ವನದು ಎರಡು ಹಗುರ, ಒಂದು ಭಾರ, ಮತ್ತೆ ಎರಡು ಹಗುರ. ನಡುವೆ ಎಲ್ಲಿಯೂ ತಡೆಯಿಲ್ಲ. ಅವಳು ಹಿರಿಯ ಮಗ ಮಾಳಿಂಗನ ಜೊತೆ ನಾಲ್ಕು ಮನೆಯಾಚೆ ಇದ್ದರೂ, ಅವಳ ಸದ್ದು ಕೇಳಿಯೇ ಓಣಿಯ ಎಷ್ಟೋ ಹೆಂಗಸರು ಎಸರಿಡುತ್ತಿದ್ದರು.

ಈ ವಿದ್ಯೆಯಲ್ಲಿ ಎಲ್ಲರಿಗೂ ಮೇಲು ಗುಡುಸಾಬನ ಹೆಂಡತಿ ಖಾತುನಬಿ. ಮಧ್ಯಾಹ್ನ ಇಡೀ ಓಣಿ ಮಲಗಿದಾಗ ಅವಳು ಕಟ್ಟೆಯ ಮೇಲೆ ಕೌದಿ ಹೊಲಿಯುತ್ತ ಕೂರುತ್ತಾಳೆ. ಕಣ್ಣು ಸೂಜಿಯ ಮೇಲೆ, ಕಿವಿ ಹದಿನಾರು ಮನೆಗಳ ಮೇಲೆ. ಸಿದ್ದರಾಯನ ಮನೆಯಿಂದ ಹೊತ್ತಲ್ಲದ ಹೊತ್ತಿನಲ್ಲಿ ತಪ್, ತಪ್ಪ್, ಟಣ್ ಎಂದು ಕೇಳಿದಾಗ ಅವಳ ಸೂಜಿ ನಿಂತಿತು. ನಾಲ್ಕು ದಿನ ಕೇಳಿದಳು. ಐದನೆಯ ದಿನ ಸುನೀತಾ ಡ್ಯೂಟಿಯಿಂದ ಬರುವಾಗ ತಡೆದಳು.

“ಸುನೀತಾ, ಮದ್ಯಾನ ನಿಮ್ಮ ಮನ್ಯಾಗ ಯಾರಾರ ಇರ್ತಾರೇನವ್ವ?”

ಆಣೆಗೆ ಸಿಕ್ಕಿಕೊಂಡಿದ್ದ ಸುನೀತಾ ನಗುವನ್ನು ಹೇಗೋ ನುಂಗಿ, “ಯಾರಿಲ್ರಿ ಚಾಚಿ. ಅವರೊಬ್ಬರ ಇರ್ತಾರ,” ಎಂದು ತಲೆ ತಗ್ಗಿಸಿ ಹೋಗಿಬಿಟ್ಟಳು. ತಗ್ಗಿದ ಆ ತಲೆಯನ್ನು ಕಂಡು ಖಾತುನಬಿಗೆ ಕರುಳು ಚುರುಕ್ ಎಂದಿತು. ಎಲ್ಲ ಗೊತ್ತಿದ್ದೂ ನುಂಗಿಕೊಂಡಿದ್ದಾಳೆ ಪಾಪದ ಹುಡುಗಿ, ಎಂದುಕೊಂಡು ನೆಟ್ಟಗೆ ಶೇವಂತೆವ್ವನ ಹತ್ತಿರ ಹೋದಳು.

ಮರುದಿನ ಮಧ್ಯಾಹ್ನ ಇಬ್ಬರೂ ಕಟ್ಟೆಯ ಮೇಲೆ ಕೌದಿಯ ಆಚೆ ಈಚೆ ತುದಿ ಹಿಡಿದು ಕುಳಿತರು. ಸಿದ್ದರಾಯನ ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಸದ್ದು ಬಂತು.

“ಕೇಳ ಶೇವಂತಕ್ಕ,” ಎಂದು ಖಾತುನಬಿ ಪಿಸುಗುಟ್ಟಿದಳು. “ಬಳಿ ಸದ್ದಿಲ್ಲ. ನಮ್ಮಂಥಾಕಿ ಅಲ್ಲ. ಕಡಗದಂಥಾದೊಂದ ಹಾಕ್ಯಾಳ, ಪರಾತಕ್ಕ ಟಣ್ ಅಂತ ಬಡಿತೈತಿ. ಭಾರೀ ಐತಿ. ಪ್ಯಾಟಿ ಹೆಂಗಸ ಇರಬೇಕು.”

“ಕೈ ದೊಡ್ಡವು,” ಎಂದಳು ಶೇವಂತೆವ್ವ ಕಣ್ಣು ಮುಚ್ಚಿಕೊಂಡು. “ಆಳೂ ದೊಡ್ಡಾಕಿ. ರೊಟ್ಟಿ ಅಂಚಿಗೆ ಬರೂತನಕ ದಮ್ಮಿಲ್ಲ. ಕೇಳ, ಹರೀತು.” ಒಳಗಿನಿಂದ ಚಟ್ ಎಂದು ಏನೋ ಹಣೆಗೆ ಬಡಿದುಕೊಂಡ ಸದ್ದು ಬಂತು. “ಹರಿದದ್ದಕ್ಕ ಹಣಿ ಹಣಿ ಬಡಕೊಳ್ಳಾಕತ್ತಾಳ. ರೀತಿ ಇಲ್ಲ, ರಿವಾಜಿಲ್ಲ.”

“ನಾಕ ದಿನದಾಗ ಒಂದ ರೊಟ್ಟೀನೂ ಸರಿ ಬಂದಿಲ್ಲಕ್ಕ. ಎಣಿಸೇನಿ.”

ಶೇವಂತೆವ್ವ ಎದ್ದಳು. ಎಪ್ಪತ್ತರ ಮುದುಕಿಯಾದರೂ ಕುರಿ ಹಿಂದೆ ನಡೆದು ಬೆಳೆದ ಕಾಲು. ಗೋಡೆಗೆ ಒರಗಿಸಿದ್ದ ಕೋಲು ಕೈಗೆ ಬಂತು, ಸೆರಗು ನಡುವಿಗೆ ಸಿಕ್ಕಿತು. ಸೂಜಿ ದಾರ ಸಮೇತ ಖಾತುನಬಿ ಹಿಂದೆ ನಡೆದಳು. ಶತ್ರುವಿನ ಕೋಟೆಯ ಬಾಗಿಲಿಗೆ ಕೋಲಿನ ಮೊದಲ ಪೆಟ್ಟು ಬಿತ್ತು.

“ಲೇ ಸಿದ್ದ್ಯಾ. ಬಾಗಿಲ ತಗಿ.”

ಒಳಗೆ ಸದ್ದು ನಿಂತಿತು.

“ತಗಿ ಅಂತೇನಿ. ಆಕಿನ್ನ ಹಿತ್ತಲದಿಂದ ಕಳಿಸಿದ್ರ ಹಿತ್ತಲದಾಗ ಖಾತುನಾ ನಿಂತಾಳ.”

ಖಾತುನಬಿ ಬೆನ್ನ ಹಿಂದೆಯೇ ಇದ್ದಳು. ಆದರೆ ಯುದ್ಧದಲ್ಲಿ ಇಂಥ ಮಾತು ನಡೆಯುತ್ತದೆ. ಚಿಲಕ ಸರಿಯಿತು, ಬಾಗಿಲು ತೆರೆಯಿತು. ಎದುರಿಗೆ ಸಿದ್ದರಾಯ ನಿಂತಿದ್ದ. ಮೊಣಕೈವರೆಗೆ ಹಿಟ್ಟು, ಮೀಸೆಯ ಎಡಭಾಗ ಬಿಳಿ, ಬಲಭಾಗ ಕರಿ, ಹಣೆಯ ಮೇಲೆ ಐದು ಬೆರಳಿನ ಹಿಟ್ಟಿನ ಅಚ್ಚು. ಅವನ ಹಿಂದೆ ಹಂಚಿನ ಮೇಲೆ ಏನೋ ಒಂದು ಸುಡುತ್ತಿತ್ತು.

ಶೇವಂತೆವ್ವ ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋದಳು. ಕೋಣೆ ನೋಡಿದಳು, ಹಿತ್ತಲು ನೋಡಿದಳು, ಜೋಳದ ಚೀಲದ ಹಿಂದೆ ನೋಡಿದಳು. “ಎಲ್ಲಿ ಆಕಿ?”

“ಯಾರಬೇ?”

“ರೊಟ್ಟಿ ಬಡ್ಯಾಕಿ.”

ಸಿದ್ದರಾಯ ನೆಲ ನೋಡಿದ. ಮೂರು ತಾಲೂಕಿನ ಟಗರುಗಳ ಮುಂದೆ ಬಗ್ಗದ ತಲೆ ಬಗ್ಗಿತು. “ನಾನ ಬೇ,” ಎಂದ.

ಶೇವಂತೆವ್ವ ಪರಾತ ನೋಡಿದಳು, ಮಗನ ಬಲಗೈಯ ಕಡಗ ನೋಡಿದಳು, ಮತ್ತೆ ಪರಾತ ನೋಡಿದಳು. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ ಕುಕ್ಕರಗಾಲಲ್ಲಿ ಕುಳಿತುಬಿಟ್ಟಳು.

“ನಾನ ಹಾಕಿಸಿದ ಕಡಗದ ಸದ್ದ ನನಗ ಗೊತ್ತಾಗಲಿಲ್ಲಲ್ಲ ಖಾತುನಾ,” ಎಂದಳು.

“ಹಿಟ್ಟ ಮೆತ್ತಿತ್ತಲ್ಲಕ್ಕ, ಅದಕ್ಕ ಗೊತ್ತಾಗಿಲ್ಲ,” ಎಂದಳು ಖಾತುನಬಿ. ಅವಳ ಮುಖದಲ್ಲಿ ದೊಡ್ಡ ನಿರಾಸೆಯೂ ಅದಕ್ಕಿಂತ ದೊಡ್ಡ ಸಂತೋಷವೂ ಒಟ್ಟಿಗೆ ಕಾಣುತ್ತಿದ್ದವು.

ಸಿದ್ದರಾಯ ಎಲ್ಲವನ್ನೂ ಹೇಳಿದ. ಸುನೀತಾಳ ಷರತ್ತು, ಎಳ್ಳಮಾಸಿಯ ಗಡುವು, ಮೂರನೆಯ ಟಿಕೇಟು. “ಸಿಟ್ಟ ಮಾಡಬ್ಯಾಡಬೇ. ಗಂಡಸ ರೊಟ್ಟಿ ಬಡಿದ್ರ ನಿನಗ ಸೇರಂಗಿಲ್ಲಂತ ಮುಚ್ಚಿಟ್ಟೆ.”

“ಗಂಡಸ ಬಡಿದ್ರ ನನಗೇನು? ಕುರಿ ಹಿಂದ ಅಡವ್ಯಾಗ ಇದ್ದಾಗ ನಿಮ್ಮಪ್ಪ ಬಡಕೊಂಡ ಉಣ್ತಿದ್ದ. ಯಾರಿಗೂ ಹೇಳಬ್ಯಾಡ ಅಂತಿದ್ದ, ಅಷ್ಟ.” ಮುದುಕಿ ಹಂಚಿನಿಂದ ಕರಕಲನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. “ಇನ್ನೊಬ್ಬಾಕಿನ್ನ ಇಟಗೊಂಡಾನಂದ್ರ ಒಂದ ಕೋಲಿಗೆ ಬಗೆಹರಿತಿತ್ತು. ಇಷ್ಟ ಹೊಲಸ ಬಡ್ಯಾಕಿನ್ನ ಆರಿಸ್ಯಾನಲ್ಲ, ನಾ ಹಡದ ಮಗ, ಅನ್ನೂದ ನನಗ ತಡಕೊಳ್ಳಾಕ ಆಗಿದ್ದಿಲ್ಲ. ಕುಂಡ್ರು. ಕೈ ತೊಳಿ.”

ಅಂದಿನಿಂದ ಆ ಮನೆ ಗರಡಿಮನೆಯಾಯಿತು. ಬಾಗಿಲು ತೆರೆದೇ ಇರುತ್ತಿತ್ತು, ಏಕೆಂದರೆ ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಖಾತುನಬಿ ಅಂದು ಸಂಜೆಯೊಳಗೆ ಹದಿನಾರೂ ಮನೆಗೆ ಸುದ್ದಿ ಮುಟ್ಟಿಸಿದ್ದಳು. ದಾರಿಹೋಕರು ಹಣಕಿ, “ಸಿದ್ದಣ್ಣ, ನಮ್ಮ ಮನಿಗೆ ಬೀಗರು ಬರಾಕತ್ತಾರ, ಇಪ್ಪತ್ತ ರೊಟ್ಟಿ ಬೇಕಿತ್ತು,” ಎನ್ನುವರು. “ಮುಂಗಡಾ ಕುರಿ ಕೊಟ್ಟು ಹೋಗು,” ಎನ್ನುವನು ಸಿದ್ದರಾಯ. ಸಂತೆಯಲ್ಲಿ ಅವನ ಕಿಮ್ಮತ್ತಿಗೆ ಏನೂ ಆಗಲಿಲ್ಲ. ಕಿಮ್ಮತ್ತು ಕಳೆದುಕೊಂಡವರು ಓಣಿಯ ಬೇರೆ ಗಂಡಸರು. ಸಾರಿಗೆ ಉಪ್ಪು ಕಮ್ಮಿ ಎಂದ ಗುಡುಸಾಬನಿಗೆ ಖಾತುನಬಿ, “ಸಿದ್ದರಾಯನ್ನ ನೋಡಿ ಕಲೀರಿ,” ಎಂದು ಉಪ್ಪಿನ ಡಬ್ಬಿಯನ್ನೇ ಮುಂದಿಟ್ಟಳು. ಆ ವಾರ ಗಂಡಸರ್‍ಯಾರೂ ಸಿದ್ದರಾಯನಿಗೆ ನೆಟ್ಟಗೆ ನಮಸ್ಕಾರ ಹೇಳಲಿಲ್ಲ.

ಆದರೂ ರೊಟ್ಟಿ ಉಬ್ಬಲಿಲ್ಲ. ದುಂಡಗಾಯಿತು, ತೆಳ್ಳಗಾಯಿತು, ಆದರೆ ಎತ್ತುವಾಗ ನಡುವೆ ಹರಿಯುತ್ತಿತ್ತು. ಎಳ್ಳಮಾಸಿಗೆ ವಾರ ಉಳಿಯಿತು. ಸುನೀತಾ ಏನೂ ಅನ್ನುತ್ತಿರಲಿಲ್ಲ. ಆದರೆ ಅವಳ ಮತ್ತು ಮಗಳ ಚೀಲಗಳು ಕಟ್ಟಿ ಮುಗಿದಿದ್ದವು. ಸಿದ್ದರಾಯನ ಖಾಲಿ ಚೀಲ ಗೂಟಕ್ಕೆ ತೂಗುತ್ತಿತ್ತು. ಅದನ್ನು ನೋಡಿದಾಗೆಲ್ಲ ಅವನು ಇನ್ನಷ್ಟು ಜೋರಾಗಿ ಬಡಿಯುತ್ತಿದ್ದ, ರೊಟ್ಟಿ ಇನ್ನಷ್ಟು ಬೇಗ ಹರಿಯುತ್ತಿತ್ತು.

ಒಂದು ದಿನ ಶೇವಂತೆವ್ವ ಎದುರು ಕುಳಿತು ಮಗನ ಮುಖ ಬಿಟ್ಟು ಬರಿ ಕೈಗಳನ್ನೇ ನೋಡಿದಳು.

“ನಿಲ್ಲು. ಏನ ಮಾಡಾಕತ್ತಿ ಗೊತ್ತೇನ? ತೂಕ ನೋಡಾಕತ್ತಿ.”

“ಅಂದ್ರ?”

“ಟಗರಿನ ಬೆನ್ನ ಒತ್ತಿದಂಗ ಒತ್ತಾಕತ್ತಿ. ಅಂಗೈ ಊರತಿ, ಬೆರಳ ಚುಚ್ಚತಿ. ಇದನ್ನ ಮಾರಾಕ ಒಯ್ಯಾಂವ ಇದ್ದೀಯೇನ?” ಅವಳು ಉಂಡೆಯನ್ನು ಅವನ ಕೈಯಿಂದ ಕಸಿದು, ದುಂಡಗೆ ಮಾಡಿ ಮತ್ತೆ ಕೈಗಿಟ್ಟಳು. “ಹುಟ್ಟಿದ ಮರಿ ಇರತೈತಲ್ಲ, ಹಸೀದು, ನಡಗತಿರತೈತಿ. ಅದರ ಮೈ ಹೆಂಗ ಒರಸತಿ?”

ಸಿದ್ದರಾಯ ಅಂಗೈ ಮೇಲಿನ ಉಂಡೆ ನೋಡಿದ. ಹಿಂದಿನ ಚಳಿಗಾಲದಲ್ಲಿ ಹಟ್ಟಿಯಲ್ಲಿ ಅವನ ಕೈಯಲ್ಲೇ ಹುಟ್ಟಿದ ಅವಳಿ ಮರಿಗಳು ನೆನಪಾದವು. ಕಡಗ ಬಿಚ್ಚಿ ಪಕ್ಕಕ್ಕಿಟ್ಟ. ಕೈ ಹಗುರಾಗಿ ಇಳಿಯಿತು, ತಿರುಗಿತು, ಮತ್ತೆ ಇಳಿಯಿತು. ರೊಟ್ಟಿ ಬೆಳೆಯತೊಡಗಿತು. ಅಂಚಿಗೆ ಬಂದಾಗ ಅವನು ಉಸಿರು ಹಿಡಿದು ಎರಡೂ ಕೈಯಲ್ಲಿ ಎತ್ತಿದ. ಹರಿಯಲಿಲ್ಲ. ಹಂಚಿಗೆ ಹಾಕಿ, ನೀರು ಸವರಿ, ಮಗುಚಿ, ಬಟ್ಟೆಯಿಂದ ಅಂಚು ಒತ್ತಿದ. ಮೊದಲು ಒಂದು ಗುಳ್ಳೆ ಎದ್ದಿತು. ಆಮೇಲೆ ಇಡೀ ರೊಟ್ಟಿ ಪೈಲವಾನನ ಎದೆಯಂತೆ ಉಬ್ಬಿ ನಿಂತಿತು.

ಇಬ್ಬರೂ ಅದು ಇಳಿಯುವ ತನಕ ನೋಡುತ್ತ ಕುಳಿತರು.

“ಒಂದಾತು,” ಎಂದಳು ಶೇವಂತೆವ್ವ. “ಹಾಕು ಇನ್ನೊಂದು.”

ಎಳ್ಳಮಾಸಿಯ ಹಿಂದಿನ ದಿನ ಇಡೀ ಓಣಿಯಲ್ಲಿ ಹಬ್ಬದ ಗಡಿಬಿಡಿ. ಮರುದಿನ ಎಲ್ಲರೂ ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲಿ ಉಣ್ಣುವವರು. ಮನೆಮನೆಯಲ್ಲಿ ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ, ಬಜ್ಜಿ ಪಲ್ಯಕ್ಕೆ ಕಾಳು. ಸುನೀತಾ ಡ್ಯೂಟಿ ಮುಗಿಸಿ ಹೊತ್ತಿರುವಾಗಲೇ ಓಣಿಯ ಬಾಯಿಗೆ ಬಂದಳು. ತನ್ನ ಮನೆಯ ಕಡೆಯಿಂದ ಸದ್ದು ಕೇಳಿ ಹೆಜ್ಜೆ ನಿಧಾನವಾಯಿತು. ಎರಡು ಹಗುರ, ಒಂದು ಭಾರ, ಮತ್ತೆ ಎರಡು ಹಗುರ. ನಡುವೆ ಎಲ್ಲಿಯೂ ತಡೆಯಿಲ್ಲ.

ಅವಳ ಮುಖ ಸಣ್ಣದಾಯಿತು. ಸೋತ ಮಗನ ಬದಲಿಗೆ ಅತ್ತೆಯೇ ಕುಳಿತು ಬಡಿದು, ನಾಲ್ಕು ರೊಟ್ಟಿ ಮುಚ್ಚಿಡುವ ಯುಕ್ತಿ ಹೂಡಿದ್ದಾರೆ ಎಂದುಕೊಂಡಳು. ಕಟ್ಟೆಯ ಹತ್ತಿರ ಬಂದು, ತಲೆ ಎತ್ತದೆ, “ಚಾಚಿ, ನಮ್ಮತ್ತಿ ಯಾವಾಗಿಂದ ಬಡ್ಯಾಕತ್ತಾರ?” ಎಂದು ಖಾತುನಬಿಯನ್ನು ಕೇಳಿದಳು.

ಖಾತುನಬಿಯ ಬಾಯಲ್ಲಿ ಸೂಜಿಯಿತ್ತು. ಮಾತಾಡದೆ ಮೊಣಕೈಯಿಂದ ಪಕ್ಕಕ್ಕೆ ತೋರಿಸಿದಳು. ಪಕ್ಕದಲ್ಲಿ, ಕೌದಿಯ ಇನ್ನೊಂದು ತುದಿ ಹೊದ್ದುಕೊಂಡು, ಎಲೆ ಅಡಿಕೆ ಅಗಿಯುತ್ತ ಶೇವಂತೆವ್ವ ಕುಳಿತಿದ್ದಳು.

ಸುನೀತಾ ಅತ್ತೆಯನ್ನು ನೋಡಿದಳು. ತನ್ನ ಮನೆಯ ಬಾಗಿಲು ನೋಡಿದಳು. ಸದ್ದು ನಡೆದೇ ಇತ್ತು.

“ನನ್ನ ಯಾಕ ನೋಡತಿ?” ಎಂದಳು ಶೇವಂತೆವ್ವ. “ಒಳಗ ಹೋಗು. ಬಿಸಿ ಇದ್ದಾಗ ನೋಡಬೇಕು.”

ಸುನೀತಾ ಚಪ್ಪಲಿ ಬಿಟ್ಟು ಸದ್ದಾಗದಂತೆ ಒಳಗೆ ಹೋದಳು. ಸಿದ್ದರಾಯ ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದ. ಒಂದು ಉಬ್ಬಿ ಇಳಿದು ಬುಟ್ಟಿ ಸೇರಿತು. ಎರಡು. ಮೂರು. ನಾಲ್ಕನೆಯದು ಹಂಚಿನ ಮೇಲೆ ಎದ್ದು ನಿಂತಾಗ ಅವಳಿಗೆ ತಡೆಯಲಾಗದೆ, “ರೀ,” ಎಂದಳು. ಅವನು ತಿರುಗಿದ. ತಿರುಗಿದವನು ಮತ್ತೆ ಹಂಚಿನ ಕಡೆ ನೋಡಲಿಲ್ಲ. ಆ ನಾಲ್ಕನೆಯ ರೊಟ್ಟಿಯ ಒಂದು ಅಂಚು ಸುಟ್ಟು ಕರ್‍ರಗಾಯಿತು.

“ಇದನ್ನ ಲೆಕ್ಕಕ್ಕ ಹಿಡಿತೀಯೋ ಬಿಡತೀಯೋ?” ಎಂದ ಹೆದರಿ.

“ಉಬ್ಬಿತ್ತಲ್ಲ, ಸಾಕು,” ಎಂದಳು ಸುನೀತಾ. ಆ ಸುಟ್ಟ ಅಂಚನ್ನೇ ಮುರಿದು ಬಾಯಿಗೆ ಹಾಕಿಕೊಂಡಳು. ಆಮೇಲೆ ಅಲ್ಲೇ ಹೊಸ್ತಿಲ ಮೇಲೆ ಕುಳಿತು ಫೋನು ತೆಗೆದು ಮೂರು ಟಿಕೇಟು ತೆಗೆಸಿದಳು. ಒಂದರಲ್ಲಿ ಅವನ ಹೆಸರನ್ನು ಎರಡು ಸಲ ಓದಿ ನೋಡಿದಳು. ಸಿದ್ದರಾಯ ಎದ್ದು, ಕೈ ತೊಳೆಯುವ ಮೊದಲೇ ಗೂಟದಿಂದ ಖಾಲಿ ಚೀಲ ಇಳಿಸಿದ. ಆ ಚೀಲದ ಹಿಡಿಕೆಯ ಮೇಲೆ ಹಿಟ್ಟಿನ ಐದು ಬೆರಳು ಇಂದಿಗೂ ಇವೆಯಂತೆ.

ಹೊರಡುವ ದಿನ ಚೀಲಗಳನ್ನು ಮತ್ತೆ ತೂಗಿದರು. ಖಾತುನಬಿ ಹೊಲಿದು ಮುಗಿಸಿದ ಕೌದಿ ಬಂತು, ಶೇವಂತೆವ್ವನ ಕರಿಕಂಬಳಿ ಬಂತು, ತೂಕ ಹೆಚ್ಚಾಯಿತು. ಹಂಚು ತೆಗೆಯುವಂತಿಲ್ಲ, ಹಿಟ್ಟು ತೆಗೆಯುವಂತಿಲ್ಲ. ಸಿದ್ದರಾಯ ತನ್ನ ಅಂಗಿಗಳನ್ನು ತೆಗೆದುಹಾಕಿ ಕೌದಿಯನ್ನು ಒಳಗಿಟ್ಟ, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ. ಆ ವೇಷದಲ್ಲೇ ವಿಮಾನ ಹತ್ತಿದ. ಕುರಿ ಕಾಯುವವನು ಕುರಿಗಳ ದೇಶಕ್ಕೆ ಹೊರಟಾಗ ಹೀಗೇ ಇರಬೇಕು ಎಂದು ಓಣಿ ಮೆಚ್ಚಿಕೊಂಡಿತು.

ಈಗ ಮೂವರೂ ಅಲ್ಲಿ ಎರಡನೆಯ ಮಹಡಿಯ ಮನೆಯಲ್ಲಿದ್ದಾರೆ. ಮೊದಲ ವಾರವೇ ಕೆಳಗಿನ ಮನೆಯ ಅಜ್ಜಿಯೊಬ್ಬಳು ಬಾಗಿಲು ತಟ್ಟಿದಳಂತೆ. ದಿನಾ ಮಧ್ಯಾಹ್ನ ನಿಮ್ಮ ಮನೆಯಲ್ಲಿ ಕಪಾಟು ರಿಪೇರಿ ನಡೆದಿದೆಯೇ, ಇನ್ನೆಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದಳಂತೆ. ಸಿದ್ದರಾಯ ಅವಳನ್ನು ಒಳಗೆ ಕರೆದು ಕೂರಿಸಿ, ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿಕೊಟ್ಟ. ಅಜ್ಜಿ ಮೂರು ಗ್ಲಾಸು ನೀರು ಕುಡಿದು, ಕಣ್ಣೊರೆಸಿಕೊಂಡು ಹೋದವಳು, ಮರುದಿನ ಅದೇ ಹೊತ್ತಿಗೆ ಒಂದು ಗಡ್ಡೆ ಬೆಣ್ಣೆ ಹಿಡಿದು ಮತ್ತೆ ಬಂದಳು. ಅಲ್ಲಿಯೂ ಹಾಲು ಬೆಣ್ಣೆ ಇದೆ ಎಂದು ಕೇಳಿ ಶೇವಂತೆವ್ವ ಆ ದೇಶದ ಮೇಲಿನ ಒಂದು ಆರೋಪ ಹಿಂತೆಗೆದುಕೊಂಡಳು.

ರವಿವಾರ ಅಲ್ಲಿಂದ ಫೋನು ಬರುತ್ತದೆ. ಮಾಳಿಂಗ ಫೋನು ಹಿಡಿದು ಮುಖ ತೋರಿಸಲು ಹೋದರೆ ಶೇವಂತೆವ್ವ ಕಸಿದು ಕಿವಿಗೆ ಹಚ್ಚಿಕೊಳ್ಳುತ್ತಾಳೆ. “ಮಾರಿ ನೋಡಿ ಏನ ಮಾಡ್ಲಿ? ಮೀಸಿ ಅದ ಐತಿ. ಬಡಿ ಅನ್ನು ಅವಂಗ,” ಎನ್ನುತ್ತಾಳೆ. ಕಟ್ಟೆಯ ಮೇಲೆ ಮುದುಕಿಯರಿಬ್ಬರೂ ತಲೆಗೆ ತಲೆ ಹಚ್ಚಿ, ಒಂದೇ ಫೋನಿಗೆ ಕಿವಿಗೊಟ್ಟು ಕೂರುತ್ತಾರೆ. ಎರಡು ಹಗುರ, ಒಂದು ಭಾರ, ಮತ್ತೆ ಎರಡು ಹಗುರ.

ಹೋದ ವಾರ ಕೇಳುತ್ತ ಕೇಳುತ್ತ ಶೇವಂತೆವ್ವನ ಹುಬ್ಬು ಗಂಟಿಕ್ಕಿತು.

“ಖಾತುನಾ, ಹಿಟ್ಟಿಗೆ ನೀರ ಒಂದೀಟ ಹೆಚ್ಚಾಗೈತಿ.”

ಖಾತುನಬಿ ಬಾಯಿಂದ ಸೂಜಿ ತೆಗೆದು ಯೋಚಿಸಿ ಹೇಳಿದಳು: “ಅಲ್ಲಿ ಮಳಿ ಬಾಳ ಅಂತಲ್ಲಕ್ಕ.”